ವಿಮಾಗಣಕನ ವೃತ್ತಿ ಮತ್ತು ಕೊಟ್ಟ ಮಾತು

ಕನ್ನಡ ಎಂ.ಎ. ಮಾಡಿ, ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಾಲೇಜುಗಳಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿ ನಿವೃತ್ತನಾದವನು ವಿಮೆಯ ಗಣಿತದ ವಿಷಯವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ಆಶ್ಚರ್ಯವಾಗುವುದು ಸಹಜ. ಹತ್ತನೆಯ ತರಗತಿಯ ಗಣಿತದಲ್ಲಿ ನಾನು ಪಾರಾದದ್ದೇ ಮೇಷ್ಟರ ಕೃಪೆಯಿಂದ. ಹಾಗಿದ್ದೂ ಈ ವಿಷಯವನ್ನು ನಾನಾಗಿಯೇ ಆರಿಸಿಕೊಂಡೆ. ಅದಕ್ಕೆ ಎರಡು ಕಾರಣಗಳುಂಟು. ನನ್ನ ಸೇವಾವಧಿಯುದ್ದಕ್ಕೂ ಪ್ರತಿ ತಿಂಗಳು ಸಂಬಳದಿಂದ ವಿಮೆಯ ಕಂತೆಂದು ಒಂದಿಷ್ಟು ಹಣ ಕಡಿತವಾಗುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಇದು ಮೊದಲನೆಯ ಕಾರಣ. ಎರಡನೆಯದು, ಆ ಹಣ ಎಲ್ಲಿಗೆ ಹೋಯಿತೆಂಬುದನ್ನು ನನಗೆ ತಿಳಿಸಿಕೊಟ್ಟ ನನ್ನ ಹಳೆಯ ವಿದ್ಯಾರ್ಥಿ. ಅವನು ಇಂದು ವಿಮಾಗಣಕನಾಗಿದ್ದಾನೆ.

ವಿಮಾಗಣಕನೆಂದರೆ ಇಂಗ್ಲಿಷಿನಲ್ಲಿ ಆಕ್ಚುಯರಿ ಎಂದು ಕರೆಯಿಸಿಕೊಳ್ಳುವವನು. ಆ ಶಬ್ದದ ಮೂಲ ಲ್ಯಾಟಿನ್. ದಾಖಲೆಗಳನ್ನು ಬರೆದಿಡುವ ಗುಮಾಸ್ತನಿಗೆ ಅಲ್ಲಿ ಆ ಹೆಸರಿತ್ತು. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ ಅವನು ಕರಣಿಕ. ಆದರೆ ಕರಣಿಕನು ಆಗಿಹೋದುದರ ಲೆಕ್ಕ ಬರೆಯುತ್ತಾನೆ, ವಿಮಾಗಣಕನು ಇನ್ನೂ ಆಗಬೇಕಾದುದರ ಲೆಕ್ಕ ಬರೆಯುತ್ತಾನೆ. ಹಾಗೆಂದ ಮಾತ್ರಕ್ಕೆ ಅವನು ಜ್ಯೋತಿಷಿಯಲ್ಲ. ಜ್ಯೋತಿಷಿಯು ನಿಮ್ಮೊಬ್ಬರ ಜಾತಕವನ್ನು ನೋಡಿ ನಿಮ್ಮ ಆಯುಷ್ಯವನ್ನು ಹೇಳುತ್ತೇನೆನ್ನುತ್ತಾನೆ. ವಿಮಾಗಣಕನಿಗೆ ನಿಮ್ಮೊಬ್ಬರ ವಿಷಯ ಏನೂ ಗೊತ್ತಿಲ್ಲ. ಅದನ್ನು ಅವನು ನಿಸ್ಸಂಕೋಚವಾಗಿ ಒಪ್ಪಿಕೊಳ್ಳುತ್ತಾನೆ. ಅವನ ಶಾಸ್ತ್ರ ಆರಂಭವಾಗುವುದೇ ಈ ಒಪ್ಪಿಗೆಯಿಂದ.

ಒಂದು ಚಿಕ್ಕ ಲೆಕ್ಕವನ್ನು ನೋಡೋಣ. 35 ವರ್ಷ ವಯಸ್ಸಿನ 1000 ಮಂದಿ ಒಂದೆಡೆ ಸೇರಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ವರ್ಷದೊಳಗೆ ಅವರಲ್ಲಿ ಇಬ್ಬರು ತೀರಿಕೊಳ್ಳುತ್ತಾರೆಂದು ಹಿಂದಿನ ಅನುಭವ ಹೇಳುತ್ತದೆ ಎನ್ನೋಣ. ಆ ಇಬ್ಬರು ಯಾರೆಂಬುದು ಯಾರಿಗೂ ತಿಳಿಯದು. ಎಷ್ಟು ಮಂದಿ ಎಂಬುದು ಮಾತ್ರ ಹೆಚ್ಚುಕಡಿಮೆ ತಿಳಿದೀತು. ಸತ್ತವರ ಮನೆಗೆ ತಲಾ ಒಂದು ಲಕ್ಷ ರೂಪಾಯಿ ಕೊಡಬೇಕಾದರೆ ಎರಡು ಲಕ್ಷ ಬೇಕು. ಸಾವಿರ ಮಂದಿಯೂ ತಲಾ 200 ರೂಪಾಯಿ ಹಾಕಿದರೆ ಅಷ್ಟು ಹಣ ಕೂಡುತ್ತದೆ. ಒಬ್ಬನ ಸಂಸಾರವನ್ನು ಬೀದಿಗೆ ತರಬಲ್ಲ ವಿಪತ್ತು ಸಾವಿರ ಹೆಗಲುಗಳ ಮೇಲೆ ಹಂಚಿಹೋದಾಗ ಇನ್ನೂರು ರೂಪಾಯಿಯ ಭಾರವಾಗುತ್ತದೆ. ವಿಮೆಯ ತತ್ವವೆಲ್ಲ ಇಷ್ಟೆ. ಉಳಿದುದೆಲ್ಲ ಈ ತತ್ವವನ್ನು ಮೋಸವಿಲ್ಲದೆ, ತಪ್ಪಿಲ್ಲದೆ, ಐವತ್ತು ಅರವತ್ತು ವರ್ಷ ನಡೆಸಿಕೊಂಡು ಹೋಗುವ ಕಷ್ಟ.

ಈ ಲೆಕ್ಕಕ್ಕೆ ಮೊದಲು ಬೇಕಾದದ್ದು ಸಾವಿನ ಪಟ್ಟಿ. ಹದಿನೇಳನೆಯ ಶತಮಾನದ ಲಂಡನ್ನಿನಲ್ಲಿ ಪ್ರತಿ ವಾರವೂ ಯಾವ ಚರ್ಚಿನ ವ್ಯಾಪ್ತಿಯಲ್ಲಿ ಎಷ್ಟು ಮಂದಿ ಸತ್ತರೆಂಬ ಪಟ್ಟಿ ಅಚ್ಚಾಗುತ್ತಿತ್ತು. ಜನ ಅದನ್ನು ಓದಿ ಪ್ಲೇಗು ಏರಿತೋ ಇಳಿಯಿತೋ ನೋಡಿ ಬಿಸಾಡುತ್ತಿದ್ದರು. ಜಾನ್ ಗ್ರಾಂಟ್ ಎಂಬ ಬಟ್ಟೆ ವ್ಯಾಪಾರಿ ಬಿಸಾಡಲಿಲ್ಲ. ಹಲವು ದಶಕಗಳ ಪಟ್ಟಿಗಳನ್ನು ಕೂಡಿಹಾಕಿ 1662ರಲ್ಲಿ ಒಂದು ಪುಸ್ತಕ ಪ್ರಕಟಿಸಿದನು. ಹುಟ್ಟಿದ 100 ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವುದರೊಳಗೆ ಸಾಯುತ್ತವೆ ಎಂಬುದು ಅವನ ಅಂದಾಜು. ಪ್ರತಿ ಮನೆಯ ದುಃಖ ಬೇರೆ ಬೇರೆಯಾದರೂ ಊರಿನ ದುಃಖಕ್ಕೆ ಒಂದು ಲೆಕ್ಕವಿದೆ ಎಂಬುದನ್ನು ಆ ವ್ಯಾಪಾರಿ ಕಂಡುಕೊಂಡನು.

ಧೂಮಕೇತುವಿನಿಂದ ಹೆಸರಾದ ಎಡ್ಮಂಡ್ ಹ್ಯಾಲಿ ಈ ಕೆಲಸವನ್ನು ಇನ್ನಷ್ಟು ಕರಾರುವಾಕ್ಕಾಗಿ ಮಾಡಿದನು. ಇಂದು ಪೋಲೆಂಡಿನಲ್ಲಿರುವ ಬ್ರೆಸ್ಲೌ ನಗರದ ಜನನ ಮರಣಗಳ ವಿವರವನ್ನು ಅಲ್ಲಿನ ನಾಯ್ಮನ್ ಎಂಬ ಪಾದ್ರಿ ಕಲೆಹಾಕಿದ್ದನು. ಅದನ್ನು ಆಧರಿಸಿ ಹ್ಯಾಲಿ 1693ರಲ್ಲಿ ಒಂದು ಆಯುಷ್ಯ ಕೋಷ್ಟಕವನ್ನು ಪ್ರಕಟಿಸಿದನು. ಅದು 1000 ಎಳೆಯ ಮಕ್ಕಳಿಂದ ಆರಂಭವಾಗುತ್ತದೆ. ಇಪ್ಪತ್ತನೆಯ ವಯಸ್ಸಿಗೆ ಉಳಿದವರು 598, ನಲವತ್ತಕ್ಕೆ 445, ಅರವತ್ತಕ್ಕೆ 242. ಅರವತ್ತನ್ನು ದಾಟಿರುವ ನಾನು ಆ ಕೋಷ್ಟಕವನ್ನು ಮೊದಲ ಸಲ ನೋಡಿದಾಗ ಸ್ವಲ್ಪ ಹೊತ್ತು ಮಾತಿಲ್ಲದೆ ಕುಳಿತಿದ್ದೆ. ಅಂದಿನ ಇಂಗ್ಲೆಂಡಿನ ಸರ್ಕಾರ ಸಾಲ ಎತ್ತುವುದಕ್ಕಾಗಿ ವರ್ಷಾಶನಗಳನ್ನು ಮಾರುತ್ತಿತ್ತು. ಒಮ್ಮೆ ಹಣ ಕಟ್ಟಿದರೆ ಬದುಕಿರುವವರೆಗೂ ವರ್ಷಕ್ಕಿಷ್ಟು ಹಣ. ಆದರೆ ಕಟ್ಟುವವನು ಹತ್ತು ವರ್ಷದ ಹುಡುಗನೇ ಆಗಿರಲಿ, ಎಪ್ಪತ್ತರ ಮುದುಕನೇ ಆಗಿರಲಿ, ಬೆಲೆ ಒಂದೇ. ವಯಸ್ಸಿಗೆ ತಕ್ಕ ಬೆಲೆ ಕಟ್ಟುವ ಬಗೆಯನ್ನು ಹ್ಯಾಲಿ ತೋರಿಸಿಕೊಟ್ಟನು.

ಮೂರನೆಯ ಹೆಜ್ಜೆಯನ್ನು ಇಟ್ಟವನು ಜೇಮ್ಸ್ ಡಾಡ್ಸನ್ ಎಂಬ ಗಣಿತದ ಮೇಷ್ಟ್ರು. ವಯಸ್ಸು 45 ದಾಟಿತೆಂಬ ಕಾರಣಕ್ಕೆ ಒಂದು ವಿಮಾ ಸಂಘ ಅವನನ್ನು ಸೇರಿಸಿಕೊಳ್ಳಲಿಲ್ಲ. ಹಾಗಾದರೆ ಯಾವ ವಯಸ್ಸಿನವರೂ ಸೇರಬಹುದಾದ, ವಯಸ್ಸಿಗೆ ನ್ಯಾಯವಾದ ಕಂತಿರುವ ಸಂಘವನ್ನೇ ಕಟ್ಟೋಣವೆಂದು ಅವನು ಲೆಕ್ಕ ಹಾಕತೊಡಗಿದನು. ನಮ್ಮ ಸಾವಿರ ಮಂದಿಯನ್ನೇ ತೆಗೆದುಕೊಳ್ಳಿ. ವರ್ಷ ಕಳೆದಂತೆ ಅವರ ವಯಸ್ಸು ಏರುತ್ತದೆ, ಸಾವು ಹೆಚ್ಚುತ್ತದೆ, 200 ರೂಪಾಯಿ ಸಾಲದೆ ಹೋಗುತ್ತದೆ. ದುಡಿಮೆ ಕುಗ್ಗುವ ಕಾಲಕ್ಕೆ ಸರಿಯಾಗಿ ಕಂತು ಬೆಳೆಯುತ್ತದೆ. ಡಾಡ್ಸನ್ನನ ಉಪಾಯವೆಂದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಮೊತ್ತದ ಕಂತು. ಚಿಕ್ಕ ವಯಸ್ಸಿನಲ್ಲಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಕಟ್ಟಬೇಕು, ಆ ಹೆಚ್ಚುವರಿ ಮೀಸಲು ನಿಧಿಯಾಗಿ ಬಡ್ಡಿಯೊಡನೆ ಬೆಳೆಯಬೇಕು, ಮುಪ್ಪಿನಲ್ಲಿ ಬೀಳುವ ಕೊರತೆಯನ್ನು ಅದು ತುಂಬಬೇಕು. ಡಾಡ್ಸನ್ 1757ರಲ್ಲಿ ತೀರಿಕೊಂಡನು. ಅವನ ಲೆಕ್ಕದ ಮೇಲೆ ಇಕ್ವಿಟೆಬಲ್ ಎಂಬ ಸಂಘ ಲಂಡನ್ನಿನಲ್ಲಿ ಹುಟ್ಟಿದ್ದು 1762ರಲ್ಲಿ. ಆಕ್ಚುಯರಿ ಎಂಬ ಹೆಸರು ವಿಮೆಯ ಜಗತ್ತಿಗೆ ಬಂದದ್ದೂ ಆ ಸಂಘದಿಂದಲೇ. ಈ ಸಂಘದ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಅದರ ಕಥೆಯ ಕೊನೆಯ ಭಾಗವನ್ನು ಹೇಳುತ್ತೇನೆ.

ಸಾವಿನ ಲೆಕ್ಕದಷ್ಟೇ ಮುಖ್ಯವಾದದ್ದು ಬಡ್ಡಿಯ ಲೆಕ್ಕ. ಇಪ್ಪತ್ತು ವರ್ಷಗಳ ನಂತರ ಒಂದು ಲಕ್ಷ ರೂಪಾಯಿ ಕೊಡುತ್ತೇನೆಂದು ನಾನು ಮಾತು ಕೊಟ್ಟೆ ಎನ್ನಿ. ಹಣ ವರ್ಷಕ್ಕೆ ಶೇಕಡಾ 8ರ ಚಕ್ರಬಡ್ಡಿಯಲ್ಲಿ ಬೆಳೆಯುವುದಾದರೆ ಇಂದು ನಾನು ಸುಮಾರು 21,455 ರೂಪಾಯಿ ತೆಗೆದಿಟ್ಟರೆ ಸಾಕು. ಬಡ್ಡಿ ಶೇಕಡಾ 6ಕ್ಕೆ ಇಳಿದರೆ ಸುಮಾರು 31,180 ರೂಪಾಯಿ ಬೇಕು. ಬಡ್ಡಿಯಲ್ಲಿ ಕೇವಲ ಎರಡರ ವ್ಯತ್ಯಾಸವಾದರೆ ಇಂದು ಇಡಬೇಕಾದ ಗಂಟು ಹೆಚ್ಚುಕಡಿಮೆ ಒಂದೂವರೆ ಪಟ್ಟು. ಮುಂದಿನ ಇಪ್ಪತ್ತು ವರ್ಷದ ಬಡ್ಡಿಯನ್ನು ಬಲ್ಲವರು ಯಾರು? ಯಾರೂ ಇಲ್ಲ. ಆದರೂ ವಿಮಾಗಣಕನು ಒಂದು ಅಂಕೆಯನ್ನು ಆರಿಸಿಕೊಂಡು ಅದರ ಕೆಳಗೆ ಸಹಿ ಹಾಕಬೇಕು. ಹೆಚ್ಚು ಬಡ್ಡಿ ಬರುತ್ತದೆಂದು ಆಸೆಪಟ್ಟರೆ ಇಂದು ಕಂತು ಅಗ್ಗವಾಗುತ್ತದೆ, ವ್ಯಾಪಾರ ಬೆಳೆಯುತ್ತದೆ, ಎಲ್ಲರೂ ಸಂತೋಷಪಡುತ್ತಾರೆ. ಆ ಸಂತೋಷದ ಬೆಲೆಯನ್ನು ತೆರಬೇಕಾದವರು ಇಪ್ಪತ್ತು ವರ್ಷದ ನಂತರ ಬಾಗಿಲಿಗೆ ಬರುವವರು.

ಇದರಲ್ಲಿ ನಮ್ಮ ದೇಶದ ಒಂದು ಅಧ್ಯಾಯವೂ ಉಂಟು. 1818ರಲ್ಲಿಯೇ ಕಲಕತ್ತೆಯಲ್ಲಿ ಜೀವವಿಮೆಯ ಕಂಪೆನಿ ಸ್ಥಾಪನೆಯಾಯಿತಾದರೂ ಬಹುಕಾಲ ಭಾರತೀಯರ ಜೀವಕ್ಕೆ ವಿಮೆ ಕೊಡುವಾಗ ಯೂರೋಪಿಯನ್ನರಿಗಿಂತ ಹೆಚ್ಚಿನ ಕಂತನ್ನು ವಸೂಲು ಮಾಡುತ್ತಿದ್ದರು. ಸಾಮಾನ್ಯ ದರದಲ್ಲಿ ನಮ್ಮವರಿಗೆ ವಿಮೆ ಕೊಡುವ ಸ್ವದೇಶೀ ಸಂಘವಾದ ಬಾಂಬೆ ಮ್ಯೂಚುಯಲ್ ಹುಟ್ಟಿದ್ದು 1870ರ ದಶಕದ ಆರಂಭಕ್ಕೆ. ನಮ್ಮ ಜನರ ಆಯುಷ್ಯದ ಕೋಷ್ಟಕ ನಮ್ಮ ಕೈಯಲ್ಲಿ ಇಲ್ಲದಿದ್ದಾಗ ಊಹೆಯೂ ಪೂರ್ವಗ್ರಹವೂ ಸೇರಿ ನಮ್ಮ ಜೀವದ ಬೆಲೆ ಕಟ್ಟುತ್ತವೆ. ಮುಂದೆ ಓರಿಯಂಟಲ್ ಕಂಪೆನಿಯ 1925ರಿಂದ 1935ರವರೆಗಿನ ಅನುಭವದ ಮೇಲೆ ಸಿದ್ಧವಾದ ಕೋಷ್ಟಕ ದೀರ್ಘಕಾಲ ಬಳಕೆಯಲ್ಲಿತ್ತು. 1956ರಲ್ಲಿ 245 ಸಂಸ್ಥೆಗಳು ರಾಷ್ಟ್ರೀಕರಣಗೊಂಡು ಭಾರತೀಯ ಜೀವವಿಮಾ ನಿಗಮ ರೂಪುಗೊಂಡಿತು. ನಿಗಮದ ಸ್ವಂತ ಅನುಭವದ ಕೋಷ್ಟಕಗಳು ಬಂದವು. ಈಚೆಗೆ ಎಲ್ಲ ಕಂಪೆನಿಗಳ ಅನುಭವವನ್ನೂ ಒಟ್ಟುಗೂಡಿಸಿದ 2006–08ರ ಮತ್ತು 2012–14ರ ಕೋಷ್ಟಕಗಳೂ ಬಂದಿವೆ. ಒಂದು ಜನಾಂಗ ತನ್ನ ಸಾವನ್ನು ತಾನೇ ಎಣಿಸಿಕೊಳ್ಳಲು ಕಲಿಯುವುದೂ ಒಂದು ಬಗೆಯ ಸ್ವಾತಂತ್ರ್ಯವೆಂದು ನನಗನ್ನಿಸುತ್ತದೆ.

ಮೈಸೂರು ಸಂಸ್ಥಾನ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಸರ್ಕಾರಿ ನೌಕರರಿಗಾಗಿ ಇಲ್ಲಿ ವಿಮಾ ವ್ಯವಸ್ಥೆ ಆರಂಭವಾದದ್ದು 1891ರಲ್ಲಿ. ಅದೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ನನ್ನ ಸಂಬಳದಿಂದ ಕಡಿತವಾಗುತ್ತಿದ್ದ ಹಣ ಹೋಗುತ್ತಿದ್ದದ್ದು ಅಲ್ಲಿಗೆ. ವಿಮಾಗಣಕ ಎಂಬ ಶಬ್ದವನ್ನು ನಾನು ಮೊದಲು ಕಂಡದ್ದೂ ಬೋನಸ್ಸಿಗೆ ಸಂಬಂಧಿಸಿದ ಒಂದು ಸುತ್ತೋಲೆಯಲ್ಲಿಯೇ. ಶಬ್ದ ಚೆನ್ನಾಗಿದೆಯಲ್ಲ ಎಂದುಕೊಂಡು ಸುತ್ತೋಲೆಯನ್ನು ಮಡಿಚಿಟ್ಟಿದ್ದೆ.

ನನ್ನ ವಿದ್ಯಾರ್ಥಿಯ ಮಾತಿಗೆ ಈಗ ಬರುತ್ತೇನೆ. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ 1990ರ ದಶಕದಲ್ಲಿ ಬಿ.ಎಸ್ಸಿ. ಓದುತ್ತಿದ್ದ ಹುಡುಗ. ನಾನು ಅವನಿಗೆ ಭಾಷಾ ವಿಷಯದ ಅಧ್ಯಾಪಕ. ತಂದೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದು ನಲವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ವಿಮಾ ಇಲಾಖೆಯಿಂದ ಬಂದ ಸಾಧಾರಣ ಮೊತ್ತವೊಂದು ಆ ಮನೆಯನ್ನು ಕೆಲವು ವರ್ಷ ನಿಲ್ಲಿಸಿತು. ಹುಡುಗ ಶಾಲೆ ಬಿಡಲಿಲ್ಲ. ಈ ಹಣ ಎಲ್ಲಿಂದ ಬಂತೆಂದು ತಾಯಿಯನ್ನು ಕೇಳಿದನಂತೆ. ‘ಸರ್ಕಾರ ಕೊಟ್ಟಿತಪ್ಪ’ ಎಂದರಂತೆ ಅವರು. ಆ ಉತ್ತರ ಅವನಿಗೆ ಸಾಲಲಿಲ್ಲ. ಸರ್ಕಾರಕ್ಕೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದವನು ವಿಮಾಗಣಿತದವರೆಗೆ ಬಂದನು.

ಈ ವೃತ್ತಿಯ ದಾರಿ ದೀರ್ಘವಾದುದು. ನಮ್ಮ ದೇಶದಲ್ಲಿ ವಿಮಾಗಣಕರ ಸಂಘ ಆರಂಭವಾದದ್ದು 1944ರಲ್ಲಿ. 2006ರ ಕಾಯಿದೆಯ ಮೂಲಕ ಅದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ ಎಂಬ ಶಾಸನಬದ್ಧ ಸಂಸ್ಥೆಯಾಯಿತು. ಈಗಿನ ಕ್ರಮದಲ್ಲಿ ಪಿ.ಯು.ಸಿ. ಮುಗಿಸಿದವರೂ ಪ್ರವೇಶ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಅದರ ಆಚೆಗೆ ಸಂಖ್ಯಾಶಾಸ್ತ್ರ, ಸಂಭವನೀಯತೆ, ಬಡ್ಡಿಯ ಗಣಿತ, ಅರ್ಥಶಾಸ್ತ್ರ, ಹಣಕಾಸುಗಳ ಪತ್ರಿಕೆಗಳು. ಅನಂತರ ವೃತ್ತಿಯ ಅನ್ವಯದ ಪತ್ರಿಕೆಗಳು. ಕೊನೆಗೆ ಜೀವವಿಮೆ, ಸಾಮಾನ್ಯ ವಿಮೆ, ಆರೋಗ್ಯ, ಪಿಂಚಣಿ ಮುಂತಾದವುಗಳಲ್ಲಿ ತಾನು ಆರಿಸಿಕೊಂಡ ಶಾಖೆಯ ವಿಶೇಷ ಪತ್ರಿಕೆಗಳು. ಎಲ್ಲ ಸೇರಿ ಹತ್ತಕ್ಕೂ ಮೇಲ್ಪಟ್ಟ ಪರೀಕ್ಷೆಗಳು. ಬಹುಮಂದಿ ಹಗಲು ಕಚೇರಿಯಲ್ಲಿ ದುಡಿದು ರಾತ್ರಿ ಓದುತ್ತಾರೆ. ಫೆಲೋ ಎಂಬ ಪದವಿ ಕೈಗೆ ಬರುವುದರೊಳಗೆ ಎಷ್ಟೋ ಮಂದಿಯ ಮದುವೆಯಾಗಿ ಮಕ್ಕಳು ಶಾಲೆಗೆ ಸೇರಿರುತ್ತವೆ. ಫೇಲಾಗುವುದು ಇಲ್ಲಿ ಅವಮಾನವಲ್ಲ, ಅದು ದಿನಚರಿಯ ಒಂದು ಭಾಗ. ಒಂದೇ ಪತ್ರಿಕೆಗೆ ಮೂರು ನಾಲ್ಕು ಸಲ ಕುಳಿತವರು ಎಷ್ಟೋ ಮಂದಿ.

ನನ್ನ ವಿದ್ಯಾರ್ಥಿಯೂ ಹೀಗೆ ಕುಳಿತವನೇ. ನಾಲ್ಕನೆಯ ವರ್ಷ ಎರಡು ಪತ್ರಿಕೆಗಳಲ್ಲಿ ಫೇಲಾಗಿ ನನ್ನನ್ನು ನೋಡಲು ಬಂದಾಗ ನಾನು ಕೊಟ್ಟ ಸಲಹೆಯನ್ನು ಇಂದು ಬಹಿರಂಗವಾಗಿ ಒಪ್ಪಿಕೊಳ್ಳುತ್ತೇನೆ. ‘ಬಿಟ್ಟುಬಿಡಪ್ಪ, ಬ್ಯಾಂಕಿನ ಪರೀಕ್ಷೆ ಕಟ್ಟು. ಮನೆಯಲ್ಲಿ ತಾಯಿಯಿದ್ದಾರೆ’ ಎಂದೆ. ಅವನು ತಲೆಯಾಡಿಸಿ ಹೊರಟುಹೋದನು, ನನ್ನ ಮಾತನ್ನು ಕೇಳಲಿಲ್ಲ. ಮಕ್ಕಳ ಭವಿಷ್ಯದ ಬಗೆಗೆ ಹಿರಿಯರು ಆಡುವ ಎಷ್ಟೋ ಮಾತುಗಳು ವಿವೇಕದ ವೇಷ ತೊಟ್ಟ ಭಯ ಮಾತ್ರ ಎಂಬುದನ್ನು ನಾನು ಕಲಿತದ್ದು ಅವನಿಂದ.

ಕೆಲವು ವರ್ಷಗಳ ಮೇಲೆ ಮತ್ತೆ ಬಂದನು. ಗಣಿತದ ಪತ್ರಿಕೆಗಳೆಲ್ಲ ಮುಗಿದಿದ್ದವು. ಅವನನ್ನು ಕೆಡವಿದ್ದು ಸಂವಹನದ ಪತ್ರಿಕೆ. ವಿಮಾಗಣಕನು ತನ್ನ ಲೆಕ್ಕವನ್ನು ಲೆಕ್ಕ ಬಾರದವರಿಗೆ ತಿಳಿಯುವಂತೆ ಬರೆಯಬಲ್ಲನೇ ಎಂಬುದನ್ನು ಆ ಪತ್ರಿಕೆ ಪರೀಕ್ಷಿಸುತ್ತದೆ. ಎರಡು ಸಲ ಫೇಲಾಗಿದ್ದನು. ‘ಮೇಷ್ಟ್ರೇ, ನಿಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಲೆಕ್ಕ ಬಿಡಿಸುತ್ತಿದ್ದೆ. ಅದರ ಫಲ ಈಗ ಅನುಭವಿಸುತ್ತಿದ್ದೇನೆ’ ಎಂದನು. ನನಗೆ ವಿಮೆ ಗೊತ್ತಿಲ್ಲ. ಮಾತು ಅರ್ಥವಾಯಿತೋ ಇಲ್ಲವೋ ಎಂಬುದನ್ನು ಮಾತ್ರ ಹೇಳಬಲ್ಲೆ. ಆಗ ನಮ್ಮ ಮನೆಯಲ್ಲಿ ನನ್ನ ಅತ್ತೆಯವರಿದ್ದರು. ನಾಲ್ಕನೆಯ ತರಗತಿಯವರೆಗೆ ಓದಿದವರು. ‘ಇವರಿಗೆ ಅರ್ಥವಾಗುವಂತೆ ಹೇಳು, ನಿನ್ನ ಪರೀಕ್ಷೆ ಇಲ್ಲೇ ಆಗಿಹೋಗಲಿ’ ಎಂದೆ.

ಅವನು ಸಂಭವನೀಯತೆಯಿಂದ ಆರಂಭಿಸಿದನು. ಅತ್ತೆಯವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎರಡನೆಯ ಸಲ ಸಾವಿರ ಮಂದಿಯ ಕಥೆ ಹೇಳಿದನು. ಅವರು ತಲೆಯೆತ್ತಿ, ‘ನಾನು ದುಡ್ಡು ಕಟ್ಟಿ ಸಾಯದೆ ಉಳಿದರೆ ಆ ದುಡ್ಡು ಯಾರಿಗೆ ಹೋಗುತ್ತೋ?’ ಎಂದು ಕೇಳಿದರು. ‘ಸತ್ತವರ ಮನೆಗೆ ಹೋಗುತ್ತೆ, ಅಜ್ಜಿ.’ ಅವರು ಒಂದು ಕ್ಷಣ ಯೋಚಿಸಿ, ‘ಹಾಗನ್ನು ಮತ್ತೆ, ಇದು ಮುಯ್ಯಿ ಲೆಕ್ಕ. ನಮ್ಮ ಮನೆಗೆ ವಾಪಸು ಬರದೆ ಇರಲಿ ದೇವರೇ ಅಂತ ಬೇಡಿಕೊಂಡು ಹಾಕೋ ಮುಯ್ಯಿ’ ಎಂದರು. ನನ್ನ ವಿದ್ಯಾರ್ಥಿ ಜೇಬಿನಿಂದ ಪುಸ್ತಕ ತೆಗೆದು ಆ ಮಾತನ್ನು ಬರೆದುಕೊಂಡನು. ಮುಂದಿನ ಸಲ ಆ ಪತ್ರಿಕೆಯಲ್ಲಿ ತೇರ್ಗಡೆಯಾದನು. ಅಂದು ಹೊರಡುವಾಗ ಬಾಗಿಲಲ್ಲಿ ನಿಂತು ಅವನು ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ: ‘ಮೇಷ್ಟ್ರೇ, ನಮ್ಮಪ್ಪ ಸತ್ತ ವರ್ಷ ನೀವೂ ಕಂತು ಕಟ್ಟುತ್ತಿದ್ದಿರಿ. ನನ್ನ ಫೀಸು ಕಟ್ಟಿದವರಲ್ಲಿ ನೀವೂ ಒಬ್ಬರು.’

ಮುಯ್ಯಿಯ ಲೆಕ್ಕಕ್ಕೂ ಒಂದು ಮಿತಿಯಿದೆ. ಊರಿನ ಎಲ್ಲ ಮನೆಗಳಲ್ಲೂ ಒಂದೇ ದಿನ ಮದುವೆಯಾದರೆ ಮುಯ್ಯಿ ಹಾಕುವವರು ಯಾರು? ಒಬ್ಬ ಸತ್ತರೆ ಅದರಿಂದ ಇನ್ನೊಬ್ಬ ಸಾಯುವುದಿಲ್ಲ ಎಂಬ ನಂಬಿಕೆಯ ಮೇಲೆ ನಮ್ಮ ಸಾವಿರ ಮಂದಿಯ ಲೆಕ್ಕ ನಿಂತಿದೆ. ಬರಗಾಲ ಹಾಗಲ್ಲ. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಆ ವರ್ಷ ಬೆಳೆ ವಿಮೆಯಲ್ಲಿ ಕೊಡುವವನೂ ಬೇಡುವವನೂ ಒಂದೇ ದೋಣಿಯಲ್ಲಿದ್ದರು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಹಾರಧಾನ್ಯ ಮತ್ತು ಎಣ್ಣೆಕಾಳಿನ ಬೆಳೆಗಳಿಗೆ ರೈತನ ಪಾಲು ಮುಂಗಾರಿನಲ್ಲಿ ವಿಮಾ ಮೊತ್ತದ ಶೇಕಡಾ 2ನ್ನೂ ಹಿಂಗಾರಿನಲ್ಲಿ ಶೇಕಡಾ 1.5ನ್ನೂ ಮೀರುವುದಿಲ್ಲ. ವಿಮಾಗಣಿತದ ಪ್ರಕಾರ ಬರುವ ನಿಜವಾದ ಕಂತು ಅದಕ್ಕಿಂತ ಹೆಚ್ಚಾದಾಗ ಉಳಿದುದನ್ನು ಸರ್ಕಾರಗಳು ಭರಿಸುತ್ತವೆ. ವಿಮಾ ಕಂಪೆನಿಗಳು ತಮ್ಮ ಭಾರದ ಒಂದು ಭಾಗವನ್ನು ಮರುವಿಮೆಯ ಮೂಲಕ ದೂರದೇಶಗಳವರೆಗೂ ಹಂಚುತ್ತವೆ, ಏಕೆಂದರೆ ಕಲಬುರಗಿಯಲ್ಲಿ ಮಳೆ ಹೋದ ವರ್ಷವೇ ಜಗತ್ತಿನ ಎಲ್ಲೆಡೆಯೂ ಮಳೆ ಹೋಗುವುದಿಲ್ಲ. 2020 ಮತ್ತು 2021ರ ಸಾಂಕ್ರಾಮಿಕವೂ ಇದೇ ಪಾಠವನ್ನು ಹೇಳಿತು.

ಒಟ್ಟಿಗೆ ಬರುವ ವಿಪತ್ತುಗಳನ್ನು ಮುಂಚಿತವಾಗಿ ಊಹಿಸಿ, ಅಂತಹ ವರ್ಷ ಬಂದರೂ ಸಂಸ್ಥೆ ನಿಂತಿರುವಂತೆ ಎಷ್ಟು ಮೀಸಲಿಡಬೇಕು, ಯಾವ ಹೊರೆಯನ್ನು ಹೊರಬಾರದು ಎಂದು ತೀರ್ಮಾನಿಸುವ ವಿದ್ಯೆಗೆ ಅಪಾಯ ನಿರ್ವಹಣೆ ಎಂದು ಹೆಸರು. ಇಂದು ವಿಮಾಗಣಕರಿಗೆ ವಿಮಾ ಕಂಪೆನಿಗಳಲ್ಲಿ ಮಾತ್ರವಲ್ಲದೆ ಪಿಂಚಣಿ ನಿಧಿಗಳಲ್ಲಿಯೂ ಸಲಹಾ ಸಂಸ್ಥೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಕೆಲಸವಿರುವುದು ಈ ವಿದ್ಯೆಯಿಂದ. ಬೆಂಗಳೂರಿನಲ್ಲಿ ಕುಳಿತು ಯೂರೋಪಿನ ವಿಮೆಗಳ ಲೆಕ್ಕ ಮಾಡುವ ತರುಣ ತರುಣಿಯರೂ ಇದ್ದಾರೆ. ಕೂಡುವ ಕಳೆಯುವ ಕೆಲಸವನ್ನು ಈಗ ಯಂತ್ರಗಳು ಕ್ಷಣಾರ್ಧದಲ್ಲಿ ಮಾಡಿಬಿಡುತ್ತವೆ. ಆ ಉತ್ತರವನ್ನು ನಂಬಬಹುದೇ, ಅದರ ಹಿಂದಿರುವ ಊಹೆ ಯಾವುದು ಎಂದು ಕೇಳುವ ಕೆಲಸ ಮನುಷ್ಯನಿಗೆ ಉಳಿದಿದೆ.

ಇಕ್ವಿಟೆಬಲ್ ಸಂಘದ ಕಥೆಯ ಕೊನೆಯ ಭಾಗವನ್ನು ಹೇಳುತ್ತೇನೆಂದಿದ್ದೆನಲ್ಲ, ಅದನ್ನು ನನಗೆ ಹೇಳಿದವನೂ ಇದೇ ಶಿಷ್ಯ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ 1988ರವರೆಗೆ ಆ ಸಂಘ ಕೆಲವು ಪಿಂಚಣಿ ಪಾಲಿಸಿಗಳಲ್ಲಿ ಒಂದು ಭರವಸೆಯನ್ನು ಬರೆದುಕೊಟ್ಟಿತ್ತು. ನಿವೃತ್ತಿಯಾದಾಗ ಮಾರುಕಟ್ಟೆಯ ದರ ಏನೇ ಇರಲಿ, ಇಷ್ಟಕ್ಕೆ ಕಡಿಮೆಯಿಲ್ಲದ ದರದಲ್ಲಿ ವರ್ಷಾಶನ ಕೊಡುತ್ತೇವೆ ಎಂಬುದು ಆ ಭರವಸೆ. ಬಡ್ಡಿ ಎತ್ತರದಲ್ಲಿದ್ದ ಕಾಲಕ್ಕೆ ಅದು ಎಂದೂ ಬಳಕೆಗೆ ಬಾರದ ವಾಕ್ಯದಂತೆ ಕಂಡಿತು, ಅದಕ್ಕೆಂದು ತಕ್ಕ ಮೀಸಲನ್ನು ತೆಗೆದಿಡಲಿಲ್ಲ. 1990ರ ದಶಕದಲ್ಲಿ ಬಡ್ಡಿ ಇಳಿಯಿತು, ಜನರ ಆಯುಷ್ಯ ಬೆಳೆಯಿತು. ಹಳೆಯ ವಾಕ್ಯ ಜೀವ ತಳೆದು ಎದ್ದು ನಿಂತಿತು. ಭರವಸೆಯ ದರವನ್ನು ಕೇಳಿದವರಿಗೆ ಬೋನಸ್ಸನ್ನು ಕಡಿತಮಾಡಿ ಸರಿದೂಗಿಸಲು ಆಡಳಿತದವರು ಯತ್ನಿಸಿದರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2000ದ ಜುಲೈ ತಿಂಗಳಲ್ಲಿ ಅಂದಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹಾಗೆ ಮಾಡುವಂತಿಲ್ಲವೆಂದು ತೀರ್ಪಿತ್ತಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಘ ಹೊಸ ಪಾಲಿಸಿಗಳಿಗೆ ಬಾಗಿಲು ಮುಚ್ಚಿತು. ಈ ಶಾಸ್ತ್ರಕ್ಕೆ ತೊಟ್ಟಿಲಾಗಿದ್ದ ಸಂಘವೇ ಹೀಗೆ ಮುಗ್ಗರಿಸಿತು. ಲಕ್ಷಾಂತರ ಪಾಲಿಸಿದಾರರು ವೃದ್ಧಾಪ್ಯಕ್ಕೆ ನೆಚ್ಚಿಕೊಂಡಿದ್ದ ಹಣದಲ್ಲಿ ನಷ್ಟ ಅನುಭವಿಸಿದರು.

‘ಅಲ್ಲಿ ಗಣಿತ ಬಾರದವರು ಯಾರೂ ಇರಲಿಲ್ಲ, ಮೇಷ್ಟ್ರೇ. ಒಂದು ವಾಕ್ಯದ ತೂಕವನ್ನು ತೂಗಲಿಲ್ಲ, ಅಷ್ಟೆ’ ಎಂದನು ಅವನು. ಒಂದು ವಾಕ್ಯದ ತೂಕ! ಜೀವಮಾನವೆಲ್ಲ ವಾಕ್ಯಗಳನ್ನೇ ಪಾಠ ಹೇಳಿದ ನನಗೆ ಅದರ ಅರ್ಥ ಚೆನ್ನಾಗಿ ಆಯಿತು.

ಅವನು ಆ ಕಥೆಯನ್ನು ಹೇಳಿದ ಸಂದರ್ಭ ಬೇರೆಯೇ ಇತ್ತು. ಒಂದು ಸಂಸ್ಥೆಯಲ್ಲಿ ಅವನು ದೊಡ್ಡ ಸ್ಥಾನದಲ್ಲಿದ್ದನು. ನಮ್ಮ ದೇಶದ ನಿಯಮದ ಪ್ರಕಾರ ಪ್ರತಿಯೊಂದು ಜೀವವಿಮಾ ಕಂಪೆನಿಯಲ್ಲಿಯೂ ನಿಯುಕ್ತ ವಿಮಾಗಣಕನೊಬ್ಬನಿರಬೇಕು. ನಿಯಂತ್ರಣ ಪ್ರಾಧಿಕಾರದ ಒಪ್ಪಿಗೆ ಪಡೆದ ಆ ಅಧಿಕಾರಿ ಕಂಪೆನಿಯ ಹೊಣೆಗಳಿಗೆ ತಕ್ಕ ಮೀಸಲು ಇದೆಯೆಂದು ದೃಢೀಕರಿಸಬೇಕು, ಹೊಸ ಯೋಜನೆಯ ದರ ಸರಿಯಿದೆಯೆಂದು ಸಹಿ ಹಾಕಬೇಕು. ದೀರ್ಘಾವಧಿಗೆ ಖಚಿತ ಆದಾಯದ ಭರವಸೆ ಕೊಡುವ ಒಂದು ಯೋಜನೆ ಅವನ ಮೇಜಿನ ಮೇಲೆ ಬಂತು. ಮೂವತ್ತು ವರ್ಷದವರೆಗೆ ಆ ದರವನ್ನು ಕೊಡಲಾಗದೆಂದು ಅವನ ಲೆಕ್ಕ ಹೇಳಿತು. ಇತರರು ಕೊಡುತ್ತಿದ್ದಾರಲ್ಲ, ಮೂವತ್ತು ವರ್ಷದ ನಂತರ ನೀವೂ ಇರುವುದಿಲ್ಲ, ನಾವೂ ಇರುವುದಿಲ್ಲ ಎಂದು ಮೇಲಿನವರು ನಗುತ್ತ ಹೇಳಿದರಂತೆ. ಅವನು ಸಹಿ ಹಾಕಲಿಲ್ಲ, ಆ ಸ್ಥಾನವನ್ನು ಬಿಟ್ಟು ಹೊರಬಂದನು. ಎಂಟು ತಿಂಗಳು ಕೆಲಸವಿರಲಿಲ್ಲ, ಮನೆಯ ಸಾಲವಿತ್ತು, ಮಗಳ ಕಾಲೇಜಿನ ಖರ್ಚಿತ್ತು. ಆ ದಿನಗಳಲ್ಲಿ ಒಂದು ಸಂಜೆ ನಮ್ಮ ಜಗುಲಿಯಲ್ಲಿ ಕುಳಿತು ಈ ಕಥೆ ಹೇಳಿದನು. ನಾನು ಈ ಸಲ ಯಾವ ಸಲಹೆಯನ್ನೂ ಕೊಡಲಿಲ್ಲ. ಮುಂದೆ ಬೇರೊಂದು ಕಡೆ ಕೆಲಸ ದೊರೆಯಿತು. ಆ ಯೋಜನೆ ಏನಾಯಿತೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹರಿಶ್ಚಂದ್ರನ ಕಥೆಯನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಕೊಟ್ಟ ಮಾತಿಗಾಗಿ ಅವನು ರಾಜ್ಯವನ್ನು ಬಿಟ್ಟ, ಸ್ಮಶಾನವನ್ನು ಕಾದ. ಆದರೆ ಅಲ್ಲಿ ಮಾತು ಕೊಟ್ಟವನೂ ಅವನೇ, ಉಳಿಸಿಕೊಂಡವನೂ ಅವನೇ. ಐವತ್ತು ವರ್ಷದ ನಂತರ ನಡೆಯಬೇಕಾದ ಮಾತಿನ ಗತಿ ಹಾಗಲ್ಲ. ಕೊಟ್ಟ ಅಧಿಕಾರಿಗಳು ಇರುವುದಿಲ್ಲ, ಪಡೆದವನು ಎಷ್ಟೋ ಸಲ ಸತ್ತಿರುತ್ತಾನೆ, ಬಾಗಿಲಲ್ಲಿ ನಿಂತಿರುವವಳು ಕಾಗದವೊಂದನ್ನು ಹಿಡಿದ ವಿಧವೆ. ಆ ಕಾಗದ ಅಂದು ಸುಳ್ಳಾಗದಂತೆ ಇಂದೇ ನೋಡಿಕೊಳ್ಳುವವನು ವಿಮಾಗಣಕ. ಅವನು ಮಾಡಿದ ಒಳ್ಳೆಯ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಹೊತ್ತಿಕೊಳ್ಳದ ಬೆಂಕಿಗೆ ಯಾರೂ ಸನ್ಮಾನ ಮಾಡುವುದಿಲ್ಲ.

ಮಕ್ಕಳಿಗೆ ಯಾವ ವೃತ್ತಿ ಒಳ್ಳೆಯದೆಂದು ವಿಚಾರಿಸುವ ತಂದೆತಾಯಿಗಳು ಈಚೆಗೆ ಈ ವೃತ್ತಿಯ ಸಂಬಳವನ್ನು ಕೇಳಿ ತಿಳಿದುಕೊಂಡು ನನ್ನ ಬಳಿಗೂ ಬರುತ್ತಾರೆ. ಸಂಬಳ ಒಳ್ಳೆಯದೇ, ಸಂಶಯವಿಲ್ಲ. ಅವರಿಗೆ ನಾನು ಹೇಳುವುದು ಇಷ್ಟು. ಹುಡುಗನಿಗೋ ಹುಡುಗಿಗೋ ಗಣಿತದಲ್ಲಿ ಪ್ರೀತಿಯಿದೆಯೇ ನೋಡಿ, ಅದಿಲ್ಲದಿದ್ದರೆ ಈ ದಾರಿ ಬೇಡ. ಹತ್ತು ವರ್ಷ ಕಾಯುವ ತಾಳ್ಮೆಯಿದೆಯೇ ನೋಡಿ. ಕಠಿಣವಾದುದನ್ನು ಮನೆಯ ಅಜ್ಜಿಗೆ ತಿಳಿಯುವಂತೆ ಹೇಳಬಲ್ಲರೇ ನೋಡಿ, ಇಲ್ಲದಿದ್ದರೆ ಸಾಹಿತ್ಯವನ್ನು ಓದಿಸಿ. ಎಲ್ಲರೂ ಹೌದೆನ್ನುವ ಕೊಠಡಿಯಲ್ಲಿ ಆಗುವುದಿಲ್ಲ ಎನ್ನುವ ಧೈರ್ಯವನ್ನು ಯಾವ ಪರೀಕ್ಷೆಯೂ ಕಲಿಸುವುದಿಲ್ಲ, ಅದನ್ನು ಮನೆಯಲ್ಲಿಯೇ ಕಲಿಸಿ ಕಳುಹಿಸಬೇಕು. ಈ ವೃತ್ತಿಯಲ್ಲಿ ಮೇಲೇರಿದವರು ಬಹುಮಂದಿ ಇದ್ದಾರು. ಯಶಸ್ಸು ಪಡೆದವರು ಯಾರೆಂಬುದು ಮೂವತ್ತು ವರ್ಷದ ನಂತರ, ಅವರು ಸಹಿ ಹಾಕಿದ ಕಾಗದಗಳು ಬಾಗಿಲಿಗೆ ಬಂದಾಗ ತಿಳಿಯುತ್ತದೆ.

ನನ್ನ ಪಾಲಿಸಿಯ ಅವಧಿ ಮುಗಿದು ಹಣ ಕೈಗೆ ಬಂದ ದಿನ ನಾನು ಬೋನಸ್ಸಿನ ಮೊತ್ತವನ್ನು ಎರಡು ಸಲ ಓದಿಕೊಂಡೆ. ನಾನು ಕಟ್ಟಿದ ಕಂತುಗಳಲ್ಲಿ ಎಷ್ಟೋ ಭಾಗ ನಾನು ಕಾಣದ ಮನೆಗಳಿಗೆ ಹೋಗಿತ್ತು. ಅವುಗಳಲ್ಲಿ ಒಂದು ಮನೆಯ ಹುಡುಗ ಮಾತ್ರ ನನಗೆ ಗೊತ್ತು. ಆ ಮುಯ್ಯಿ ನಮ್ಮ ಮನೆಗೆ ವಾಪಸು ಬರಲಿಲ್ಲವೆಂಬ ಸಂತೋಷವನ್ನು ಅತ್ತೆಯವರಿಗೆ ಹೇಳೋಣವೆಂದರೆ ಅವರು ಆಗಲೇ ಇರಲಿಲ್ಲ. ಅವನಿಗೆ ಫೋನು ಮಾಡಿ ಹೇಳಿದೆ.